ಮೂರು ವರ್ಷದ್ದಲ್ಲ, ನಕ್ಷೆಯದು ತಪ್ಪು

ನುರಿತ ಕೆಲಸಗಾರರು ‘ಪ್ರಾದೇಶಿಕ’ ಭಾಗದಲ್ಲೇ ನೆಲೆಸಿ ದುಡಿಯಬೇಕೆಂದು ಆಸ್ಟ್ರೇಲಿಯಾ ಕೊಡುವ ತಾತ್ಕಾಲಿಕ 491 ವೀಸಾವನ್ನು ನಮ್ಮವರು ಹಲವರು ಜೀತ ಎನ್ನುತ್ತಾರೆ. ಮೊದಲಿದ್ದ 489ರಲ್ಲಿ ನಿಗದಿತ ಪ್ರದೇಶದಲ್ಲಿ ಎರಡು ವರ್ಷ ನೆಲೆಸಿ, ಅದರಲ್ಲಿ ಒಂದು ವರ್ಷ ಪೂರ್ಣಾವಧಿ ದುಡಿದಿದ್ದರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದಿತ್ತು. 2019ರ ನವೆಂಬರ್‌ನಲ್ಲಿ 491 ಬಂದ ಮೇಲೆ ಮೂರು ವರ್ಷ ಕಾಯಬೇಕು. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಜೀತ ಎಂಬ ಮಾತನ್ನು ಒಪ್ಪಲಾರೆ. ಜೀತದಾಳು ಧಣಿಯನ್ನು ಬಿಟ್ಟು ಹೋಗುವಂತಿರಲಿಲ್ಲ. 491ರವರು ಆ ಪ್ರದೇಶದೊಳಗೆ ಒಂದು ಕೆಲಸ ಬಿಟ್ಟು ಇನ್ನೊಂದು ಹಿಡಿಯಬಹುದು, ಮಾಲೀಕನ ಅಪ್ಪಣೆ ಬೇಡ. ಕಾಯಂ ವಾಸಕ್ಕೆ ವರ್ಷಕ್ಕೆ 53,900 ಡಾಲರ್ ಆದಾಯ ತೋರಿಸಬೇಕೆಂದಿದ್ದ ಷರತ್ತನ್ನೂ ಕೈಬಿಟ್ಟಿದ್ದಾರೆ. ಹೆರಿಗೆಯಾದ ಮೇಲೆ ವಾರಕ್ಕೆ ಮೂರೇ ದಿನ ಪಾಳಿ ಮಾಡುವ ನರ್ಸ್‌ಗೆ ಇದು ಎಷ್ಟು ದೊಡ್ಡ ನಿರಾಳ!

ನನ್ನ ತಕರಾರು ಇರುವುದು ನಕ್ಷೆಯ ಮೇಲೆ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟರೆ ಉಳಿದ ದೇಶವೆಲ್ಲ ಈ ವೀಸಾದ ಕಣ್ಣಿಗೆ ‘ಪ್ರಾದೇಶಿಕ’. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿರುವ ಪರ್ತ್ ಅದೇ ನವೆಂಬರ್‌ನಲ್ಲಿ ಪಟ್ಟಿಗೆ ಸೇರಿತು. ಸಂಸತ್ತು ಸೇರುವ ಕ್ಯಾನ್‌ಬೆರಾ ಕೂಡ ಅದರಲ್ಲಿದೆ.

ವೀಸಾಕ್ಕೆ ಬೇಕಾದ ಅಂಕಗಳಲ್ಲಿ ಬೆಂಗಳೂರಿನ 31ರ ಎಂಜಿನಿಯರ್ ಒಬ್ಬನ ಲೆಕ್ಕ ನೋಡಿ. ವಯಸ್ಸಿಗೆ 30, ಪದವಿಗೆ 15, ಇಂಗ್ಲಿಷ್‌ಗೆ 10, ಐದು ವರ್ಷದ ಅನುಭವಕ್ಕೆ 10, ಒಟ್ಟು 65. ರಾಜ್ಯವೊಂದು 491ಕ್ಕೆ ಹೆಸರು ಸೂಚಿಸಿದರೆ ಇನ್ನು 15, ಅಲ್ಲಿಗೆ 80. ಪರ್ತ್‌ನಲ್ಲಿ ಮನೆ ಹಿಡಿದರೂ ಅದೇ 15. ಅಲ್ಲಿಂದ ಸುಮಾರು 600 ಕಿ.ಮೀ. ಒಳಗಿರುವ ಗಣಿ ಊರು ಕಾಲ್ಗೂರ್ಲಿಗೆ ಹೋದರೂ ಅದೇ 15. ಹೆಂಡತಿಗೆ ಕೆಲಸ, ಮಗುವಿಗೆ ಶಾಲೆ ಎಂದು ಅವನು ಪರ್ತ್ ಆರಿಸಿಕೊಂಡರೆ ತಪ್ಪೇನು? ಕಾಲ್ಗೂರ್ಲಿಗೆ ಬೇಕಾದ ಕೈಗಳು ಮಾತ್ರ ಬರುವುದಿಲ್ಲ.

ಪರ್ತ್‌ಗೂ ಜನ ಬೇಡವೇ ಎಂದು ಕೇಳಬಹುದು. ಬೇಕು. ಅದಕ್ಕೆ ರಾಜ್ಯ ಹೆಸರು ಸೂಚಿಸಿದರೆ 5 ಅಂಕ ಸಿಗುವ 190 ವೀಸಾ ಇದೆ, ಅದು ಮೊದಲ ದಿನದಿಂದಲೇ ಕಾಯಂ. ದೊಡ್ಡ ನಗರ, ಸಣ್ಣ ಊರು ಎಂಬ ಭೇದ ಸರ್ಕಾರಕ್ಕೆ ತಿಳಿಯದ್ದೂ ಅಲ್ಲ. ಪರ್ತ್‌ನಂಥ ನಗರದಲ್ಲಿ ಓದಿ ಅಲ್ಲೇ ಉಳಿದ ಪದವೀಧರರಿಗೆ ಎರಡನೇ ಬಾರಿಯ ಕೆಲಸದ ವೀಸಾ ಒಂದು ವರ್ಷ ಸಿಕ್ಕರೆ, ಅದಕ್ಕಿಂತ ಸಣ್ಣ ಊರುಗಳವರಿಗೆ ಎರಡು ವರ್ಷ ಸಿಗುತ್ತದೆ. ಇದೇ ಭೇದವನ್ನು 491ಕ್ಕೂ ತರಲಿ. ಆ 15 ಅಂಕ ಕಾಲ್ಗೂರ್ಲಿಯಂಥ ಊರುಗಳಿಗೇ ಮೀಸಲಾಗಿರಲಿ.