ಹಾಳೆಯಂಚಿನ ಮಾಲೂರು

ಕಳೆದ ತಿಂಗಳು ನಮ್ಮ ಓದುಗರೊಬ್ಬರು ತಮ್ಮ ‘ಚಿಕವೀರ ರಾಜೇಂದ್ರ’ದ ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಕೆ.ಜಿ.ಎಫ್‌.ನವರು. ಬೆಳಗ್ಗೆ ಕೋರಮಂಡಲ್‌ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ರಾತ್ರಿ ಮನೆ ಸೇರುವವರು. ಪುಸ್ತಕ ಬಿಡಿಸಿದರೆ ಹಾಳೆಯಂಚಿನಲ್ಲಿ ಪೆನ್ಸಿಲಿನ ಸಣ್ಣಕ್ಷರ: ತ್ಯಾಕಲ್‌, ಮಾಲೂರು, ವೈಟ್‌ಫೀಲ್ಡ್‌, ಹೂಡಿ. ಪಕ್ಕದಲ್ಲಿ ತಾರೀಖು. ಓದು ನಿಂತಾಗ ರೈಲು ಎಲ್ಲಿತ್ತೋ ಆ ಊರಿನ ಹೆಸರು. “ಪುಟದ ನಂಬರು ಮರ್ತೋಗುತ್ತೆ ಸಾರ್‌, ಸ್ಟೇಷನ್‌ ಮರ್ಯಲ್ಲ” ಅಂದರು.

ಹೊಸ ವರ್ಷ ಬಂತೆಂದರೆ ನಮಗೆ ಬರುವ ಪತ್ರಗಳಲ್ಲಿ ಸಂಕಲ್ಪಗಳದ್ದೇ ಒಂದು ಕಟ್ಟು. ಈ ವರ್ಷ 50 ಪುಸ್ತಕ, ವಾರಕ್ಕೊಂದು, ತಪ್ಪಿದರೆ ಮುಂದಿನ ವಾರ ಎರಡು. ಬರೆಯುವವರ ಆಸೆ ನಿಜವಾದದ್ದು, ಅದನ್ನು ನಾನು ಹಗುರ ಮಾಡಲಾರೆ. ಆದರೆ ಈ ಊರಿನವರಿಗೆ ಬೇರೊಂದು ಲೆಕ್ಕ ಗೊತ್ತಿರಬೇಕು. ಗಣಿಯಿಂದ ಎಷ್ಟು ಟನ್‌ ಅದಿರು ಮೇಲೆ ಬಂತು ಎನ್ನುವುದು ಒಂದು, ಟನ್ನಿಗೆ ಎಷ್ಟು ಗ್ರಾಂ ಬಂಗಾರ ಕೂತಿತು ಎನ್ನುವುದು ಇನ್ನೊಂದು. ಮೊದಲ ದಿನಗಳಲ್ಲಿ ಟನ್ನಿಗೆ 40 ಗ್ರಾಂ ದಾಟುತ್ತಿದ್ದದ್ದು ಕೊನೆಕೊನೆಗೆ 5 ಗ್ರಾಮಿಗಿಂತ ಕೆಳಗೆ ಬಿತ್ತು. ಅರೆದು ಬಿಟ್ಟ ಮಣ್ಣು ಸೈನೈಡ್‌ ದಿಬ್ಬಗಳಾಗಿ ಇವತ್ತಿಗೂ ಊರ ನಡುವೆ ನಿಂತಿದೆ. ಐವತ್ತರ ಪಟ್ಟಿ ಟನ್ನಿನ ಲೆಕ್ಕ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಊರಿನ ದಿನಚರಿಯನ್ನು ಪಾಳಿಯ ಸೈರನ್‌ ಬದಲು ರೈಲಿನ ವೇಳೆ ಆಳತೊಡಗಿತು. ಸಾವಿರಾರು ಜನರ ಬದುಕು ಬೆಂಗಳೂರಿನ ದಾರಿ ಹಿಡಿಯಿತು. ಬಂಗಾರಪೇಟೆಯಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರು. ಹೋಗುತ್ತ ಬರುತ್ತ ದಿನಕ್ಕೆ ಮೂರು ನಾಲ್ಕು ಗಂಟೆ ಹಳಿಯ ಮೇಲೇ ಕಳೆಯುತ್ತದೆ. ಸೀಟು ಸಿಕ್ಕ ದಿನ ಓದು, ಸಿಗದ ದಿನ ಒಂದು ಕೈ ಕಂಬಿಗೆ. ಈ ಊರಿನ ಓದಿಗೆ ಬಿಡುವು ಎಂಬುದೇನಾದರೂ ಇದ್ದರೆ ಅದು ಆ ಬೋಗಿಯಲ್ಲಿದೆ. ಆದ್ದರಿಂದ ಗುರಿ ಇಟ್ಟುಕೊಳ್ಳುವವರು ‘ದಿನಕ್ಕೆ ಮೂವತ್ತು ಪುಟ’ ಎನ್ನುವುದಕ್ಕಿಂತ ‘ಬಂಗಾರಪೇಟೆಯಿಂದ ಮಾಲೂರಿನವರೆಗೆ’ ಎಂದುಕೊಳ್ಳಲಿ ಎಂಬುದು ನನ್ನ ಕೋರಿಕೆ. ಮಾಲೂರು ಬಂದರೆ ಆ ದಿನದ ಮಾತು ನಡೆಯಿತು. ಅಲ್ಲಿಂದಾಚೆ ನಿದ್ದೆ ಮಾಡಲಿ, ಹರಟಲಿ, ಕಿಟಕಿ ನೋಡಲಿ.

ಮಾಲೂರನ್ನೇ ಹೇಳಿದ್ದಕ್ಕೆ ಕಾರಣವಿದೆ. ಮಾಸ್ತಿ ವೆಂಕಟೇಶ ಅಯ್ಯಂಗಾರರು ಆ ತಾಲ್ಲೂಕಿನವರು. ಅವರ ಮನೆಮಾತು ತಮಿಳು. ಮೈಸೂರು ಸರ್ಕಾರದ ಅಧಿಕಾರಿಯಾಗಿ ದುಡಿಯುತ್ತಲೇ ಕಥೆ ಬರೆದರು. 1956ರಲ್ಲಿ ಬಂದ ‘ಚಿಕವೀರ ರಾಜೇಂದ್ರ’ಕ್ಕೆ 1983ರ ಜ್ಞಾನಪೀಠ ಬಂತು. ನಮ್ಮ ಕಡೆ ಮನೆಯಲ್ಲಿ ತಮಿಳೋ ತೆಲುಗೋ ಆಡಿ, ಕನ್ನಡವನ್ನು ಶಾಲೆಯಲ್ಲಿ ಕಲಿತವರು ಎಷ್ಟು ಮಂದಿ! ಅವರು ಓದುವಾಗ ಒಂದೊಂದು ಮಾತಿನ ಮುಂದೆ ತಡೆದು ನಿಲ್ಲುತ್ತಾರೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹಿಡಿದರಂತೂ ಮಲೆನಾಡಿನ ನುಡಿ ಕಿವಿಗೆ ಒಗ್ಗುವುದಕ್ಕೇ ವಾರ ಬೇಕು. ಆ ವಾರವನ್ನು ಯಾರೂ ಹಿಂದೆ ಬಿದ್ದ ವಾರ ಎಂದು ಬರೆದುಕೊಳ್ಳಬಾರದು. ಅದು ಒಂದು ಭಾಷೆಯ ಒಳಮನೆಗೆ ಕಾಲಿಟ್ಟ ವಾರ.

ಗಡುವಿನ ಓದು ನಮಗೆ ಹೊಸದಲ್ಲ. ಪರೀಕ್ಷಿತನಿಗೆ ಉಳಿದದ್ದು ಏಳೇ ದಿನ, ಶುಕಮುನಿ ಏಳು ದಿನದಲ್ಲಿ ಭಾಗವತ ಹೇಳಿ ಮುಗಿಸಿದ. ಅದೇ ಇಂದಿಗೂ ಸಪ್ತಾಹವಾಗಿ ನಡೆಯುತ್ತಿದೆ. ರಾಮಾಯಣಕ್ಕೆ ಒಂಬತ್ತು ದಿನದ ಪಾರಾಯಣವಿದೆ, ಪಟ್ಟಾಭಿಷೇಕಕ್ಕೆ ಓದು ನಿಲ್ಲುತ್ತದೆ. ಅಲ್ಲಿ ದಿನಕ್ಕೆ ಎಲ್ಲಿಯವರೆಗೆ ಎಂಬುದನ್ನು ಕಥೆಯೇ ಗೊತ್ತು ಮಾಡಿದೆ. ಓದುವವರ ಎದುರು ಕೇಳುವವರು ಕೂತಿರುತ್ತಾರೆ, ನಾಳೆ ಬರುತ್ತೇವೆ ಎಂದು ಎದ್ದಿರುತ್ತಾರೆ. ಪುಸ್ತಕ ಅರ್ಧಕ್ಕೆ ನಿಲ್ಲದ್ದಕ್ಕೆ ಅದೇ ಕಾರಣವೆಂದು ನನಗೆ ತೋರುತ್ತದೆ. ಒಬ್ಬರೇ ಓದುವ ನಮಗೆ ನಾಳೆ ಕಾಯುವವರಿಲ್ಲ.

ಇನ್ನು ಕೆಲವು ಪುಸ್ತಕಗಳಿಗೆ ಬೇಗ ಎಂಬುದೇ ಹೊಂದದು. ಮುಳಬಾಗಿಲಿನ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ದಲ್ಲಿ 945 ಪದ್ಯಗಳು. ಒಂದು ಸಂಜೆ ಕೂತು ನೂರು ಓದಬಹುದು, ಮರುದಿನ ಹತ್ತೂ ಜೊತೆಗಿರವು. ದಿನಕ್ಕೊಂದರಂತೆ ಹೋದರೆ ಎರಡು ವರ್ಷ ಏಳು ತಿಂಗಳು. ನಿಧಾನವೆಂದು ಅನಿಸಿದರೂ ನಾನು ಆ ದಾರಿಯನ್ನೇ ಹೇಳುತ್ತೇನೆ.

ಮತ್ತೆ ಆ ಪೆನ್ಸಿಲ್‌ ಗುರುತುಗಳಿಗೆ ಬರುತ್ತೇನೆ. ಮೊದಲ ಹಾಳೆಗಳಲ್ಲಿ ಗುರುತು ದೂರ ದೂರ, ಓದು ಸಲೀಸಾಗಿ ಹೂಡಿಯವರೆಗೆ ಹೋಗಿದೆ. ನಡುವೆ ಒಂದು ಕಡೆ ಮಾತ್ರ ಮೂರು ದಿನ ಬೆಳಗ್ಗೆ ಒಂದೇ ಹೆಸರು: ತ್ಯಾಕಲ್‌, ತ್ಯಾಕಲ್‌, ತ್ಯಾಕಲ್‌. ನೋಡಿದರೆ ರಾಜ ತನ್ನ ತಂಗಿಯ ಕೂಸನ್ನು ಕೊಲ್ಲುವ ಪ್ರಸಂಗ. ಕೇಳಿದೆ. “ಮುಂದಕ್ಕೆ ಹೋಗಕ್ಕಾಗಲಿಲ್ಲ ಸಾರ್‌. ಮುಚ್ಚಿಟ್ಟು ಹೊರಗಡೆ ನೋಡ್ತಾ ಕೂತಿದ್ದೆ” ಅಂದರು. ಅವರ ಮನೆಯಲ್ಲಿ ಆಗ ಎಂಟು ತಿಂಗಳ ಮೊಮ್ಮಗುವಿತ್ತು. ಪುಟ ಎಣಿಸುವ ಯಾವ ಪಟ್ಟಿಯಲ್ಲಾದರೂ ಆ ಮೂರು ದಿನ ಖಾಲಿ ಕಾಣುತ್ತಿತ್ತು. ಇಡೀ ಪುಸ್ತಕದಲ್ಲಿ ಮಾಸ್ತಿಯವರು ಅವರಿಗೆ ಅತಿ ಹತ್ತಿರ ಬಂದದ್ದು ಆ ಮೂರು ದಿನಗಳಲ್ಲಿ ಎಂದು ನಾನು ನಂಬುತ್ತೇನೆ.

ಬರುವ ಯುಗಾದಿಯಿಂದ ಈ ಪತ್ರಿಕೆಯ ಓದುಗರು ಸೇರಿ ‘ಚಿಕವೀರ ರಾಜೇಂದ್ರ’ ಓದೋಣ. ದಸರಾಕ್ಕೆ ಮುಗಿಸೋಣ. ತಿಂಗಳಿಗೊಮ್ಮೆ ಎಲ್ಲಿದ್ದೀರಿ ಎಂದು ಒಂದು ಕಾರ್ಡು ಬರೆಯಿರಿ. ಎಷ್ಟು ಪುಟವಾಯಿತು ಎನ್ನುವುದು ಬೇಡ, ಎಲ್ಲಿ ನಿಂತಿರಿ ಎಂದು ತಿಳಿಸಿ. ಬಂದದ್ದನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ; ನಿಮಗಾಗಿ ನಾಳೆ ಯಾರೋ ಕಾಯುತ್ತಿರಲಿ.

ಆ ಪ್ರತಿಯನ್ನು ನಿನ್ನೆ ಅವರಿಗೆ ಹಿಂತಿರುಗಿಸಿದೆ. ಕೊಡುವ ಮೊದಲು ಕೊನೆಯ ಹಾಳೆ ನೋಡಿದೆ. ಅದು ರಾತ್ರಿಯ ರೈಲಿನ ಓದು. ಅವರು ಇಳಿಯಬೇಕಾದದ್ದು ಕೋರಮಂಡಲ್‌ನಲ್ಲಿ. ಅಂಚಿನಲ್ಲಿ ಬರೆದದ್ದು ಅದಕ್ಕೂ ಆಚೆ, ಹಳಿ ಮುಗಿಯುವ ಊರು: ಮಾರಿಕುಪ್ಪಂ.