ಭೂತದ ಮೂಗಿಗೆ ಪೆಟ್ಟು

ಕ್ಯಾಲಿಫೋರ್ನಿಯದ ನಾಟ್ಸ್ ಬೆರಿ ಫಾರ್ಮ್ ಎಂಬ ವಿಹಾರೋದ್ಯಾನವು ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಹಬ್ಬಕ್ಕೆಂದು ಭೂತಗಳನ್ನು ಕುಣಿಸತೊಡಗಿದ್ದು 1973ರಲ್ಲಿ. ಹಣ ತೆತ್ತು ಹೆದರಬಯಸುವವರಿಗೆ ಬರವೆಲ್ಲಿ! ಆದರೆ ಕತ್ತಲ ಓಣಿಯಲ್ಲಿ ಜನ ಇರುವೆಸಾಲಿನಂತೆ ನುಗ್ಗಿದರೆ ಮುಂದಿನವನ ಚೀತ್ಕಾರವೇ ಹಿಂದಿನವನಿಗೆ ಎಚ್ಚರಿಕೆ. ಭೂತದ ಶ್ರಮವೆಲ್ಲ ವ್ಯರ್ಥ. ಪ್ರೇಕ್ಷಕರು ಮುಖವಾಡ ಧರಿಸುವಂತಿಲ್ಲ. ಭೂತ ಯಾರು, ಮನುಷ್ಯ ಯಾರೆಂದು ತಿಳಿಯಬೇಡವೆ? 2022ರ ಜುಲೈಯಲ್ಲಿ, ಹಬ್ಬಕ್ಕೆ ಬಹು ಮೊದಲೇ, ತರುಣರ ಹೊಡೆದಾಟದಿಂದ ಉದ್ಯಾನವನ್ನು ಹೊತ್ತಿಗೆ ಮುನ್ನ ಮುಚ್ಚಬೇಕಾಯಿತು. ಬಳಿಕ, 18 ತುಂಬದವರೊಡನೆ 21 ತುಂಬಿದ ಹಿರಿಯರೊಬ್ಬರು ಇರಬೇಕೆಂಬ ನಿಯಮ ಬಂದಿತು. ಆದರೂ ಬೆಚ್ಚಿದವನ ಮುಷ್ಟಿ ನಿಯಮವನ್ನು ಓದಿರುವುದಿಲ್ಲ. ಅದು ತಾಗುವುದು ಮುಖವಾಡದೊಳಗಿನ ಕೂಲಿಯವನ ಮೂಗಿಗೆ. ಪಾಪ, ಆ ಭೂತ ಮರುಪೆಟ್ಟು ಕೊಡುವಂತಿಲ್ಲ. ಮುಂದಿನ ಗುಂಪು ಬರುವುದರೊಳಗೆ ಮರಳಿ ತನ್ನ ಮೂಲೆಯಲ್ಲಿ ಅಡಗಬೇಕು.