ಬಿಲ್ಲಿನಲ್ಲಿ ಇಲ್ಲದ ಬಾಬತ್ತು

ಹೆಸರಿನ ರಾಶಿ ಮುಗಿದು, ಎರೆಹೊಲದಲ್ಲಿ ಕಡಲೆ ಬಿತ್ತಲು ಹದ ಬಂದಿದ್ದ ಹೊತ್ತಿಗೆ ಸರಿಯಾಗಿ ನನ್ನ ತಮ್ಮನ ಮಗನ ಟ್ರ್ಯಾಕ್ಟರು ನಿಂತಿತು. ನವಲಗುಂದದ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ: ಕಪ್ಪು ಮಣ್ಣಿನಲ್ಲಿ ಹಸಿ ಇರುವಾಗಲೇ ಬೀಜ ಬೀಳಬೇಕು. ಮಣ್ಣು ಆರಿ ಬಿರುಕು ಬಿಟ್ಟ ಮೇಲೆ ಕೂರಿಗೆ ಹೂಡಿ ಉಪಯೋಗವಿಲ್ಲ. ತನ್ನ ಹೊಲದ ಜೊತೆಗೆ ಊರಿನ ಇನ್ನೂ ಕೆಲವರ ಹೊಲ ಬಿತ್ತಿಕೊಡುವುದಾಗಿ ಅವನು ಮಾತು ಕೊಟ್ಟಿದ್ದ. ಆ ಬಾಡಿಗೆಯಲ್ಲೇ ಟ್ರ್ಯಾಕ್ಟರಿನ ಕಂತು ತುಂಬಬೇಕಿತ್ತು.

ದಸರಾ ರಜೆಗೆ ಬಂದಿದ್ದ ಮೊಮ್ಮಗನನ್ನು ಕರೆದುಕೊಂಡು ಅಣ್ಣಿಗೇರಿಯ ಗ್ಯಾರೇಜಿಗೆ ಹೋದೆ. ಮಿಸ್ತ್ರಿ ಆಯಿಲ್ ಕಡ್ಡಿ ಎಳೆದು ತೋರಿಸಿದರು. ಕಪ್ಪಗಿರಬೇಕಾದ ಆಯಿಲ್ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿತ್ತು.

“ಆಯಿಲ್‌ನ್ಯಾಗ ನೀರು ಕೂಡೇತ್ರಿ ಸಾಹೇಬ್ರ. ಹೆಡ್ ಗ್ಯಾಸ್ಕೆಟ್ ಹೋಗೇತಿ.”

“ಹಂಗಂದ್ರೇನ ಅಜ್ಜಾ?” ಎಂದ ಮೊಮ್ಮಗ. ನನಗೂ ಪೂರಾ ಗೊತ್ತಿರಲಿಲ್ಲ. ಮಿಸ್ತ್ರಿಯಿಂದ ಕಲಿತದ್ದನ್ನು ನಿಮಗೂ ಹೇಳುತ್ತೇನೆ ಮಕ್ಕಳೇ. ಡೀಸೆಲ್ ಇಂಜಿನ್ನಿಗೆ ಪೆಟ್ರೋಲ್ ಗಾಡಿಯಂತೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಒತ್ತಿದರೆ ಅದು 500 ಡಿಗ್ರಿಗೂ ಮೀರಿ ಕಾಯುತ್ತದೆ. ಅದರೊಳಗೆ ಡೀಸೆಲ್ ಚಿಮುಕಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಓಡಿಸಿ ತೋರಿಸಿದ ಇಂಜಿನ್ನು ಇಂಥದೇ. ಕೆಳಗೆ ಪಿಸ್ಟನ್ ಆಡುವ ಬ್ಲಾಕ್, ಮೇಲೆ ಮುಚ್ಚಳದಂತೆ ಹೆಡ್. ಇವೆರಡರ ನಡುವೆ ಕೂತಿರುವ ಒಂದೂವರೆ ಮಿಲಿಮೀಟರ್ ಆಸುಪಾಸಿನ ಹಾಳೆಯೇ ಗ್ಯಾಸ್ಕೆಟ್. ಒಳಗಿನ ಬೆಂಕಿ, ತಂಪು ಮಾಡುವ ನೀರು, ಜಾರಿಕೆಯ ಆಯಿಲ್ ಈ ಮೂರೂ ಒಂದಕ್ಕೊಂದು ಸೇರದಂತೆ ಕಾಯುವುದು ಅದೊಂದೇ. ಕಾರಿನ ಟೈರಿನ ಗಾಳಿಗಿಂತ ಹತ್ತಾರು ಪಟ್ಟು ಒತ್ತಡವನ್ನು ನಿಮಿಷಕ್ಕೆ ನೂರಾರು ಸಲ ತಡೆಯಬೇಕು.

ಡ್ರೈವರ್ ಹುಡುಗ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. “ದಿನಾ ನೀರು ಕಡಿಮಿ ಆಗ್ತಿತ್ತರಿ. ನಾ ಬೋರಿನ ನೀರು ಹಾಕ್ಕೋತ ಬಂದೆ” ಎಂದ. ನಮ್ಮ ಕಡೆ ಬೋರಿನ ನೀರು ಸವಳು. ಕುಡಿಯಲು ಕೆರೆಯ ನೀರನ್ನೇ ನೆಚ್ಚಿದ ಊರುಗಳು ಎಷ್ಟೋ ಇವೆ. ಸವಳು ನೀರು ಕಾದು ಕಾದು ಇಂಜಿನ್ನಿನ ಒಳದಾರಿಗಳಲ್ಲಿ ಬಿಳಿ ಪದರು ಕಟ್ಟುತ್ತದೆ, ಶಾಖ ಹೊರಗೆ ಹೋಗುವುದಿಲ್ಲ.

“ಇವನ ಪಗಾರದಾಗ ಹಿಡಿತೇನಿ ದೊಡ್ಡಪ್ಪಾ” ಎಂದು ತಮ್ಮನ ಮಗ ಸಿಡುಕಿದ.

ಮಿಸ್ತ್ರಿ ಮಾತಾಡದೆ ರೇಡಿಯೇಟರಿನ ಮೇಲೆ ಬ್ಯಾಟರಿ ಬಿಟ್ಟರು. ಸಣ್ಣ ಸಣ್ಣ ಸಂದುಗಳಲ್ಲೆಲ್ಲ ಹೆಸರಿನ ಹೊಟ್ಟು ಗಿಡಿದುಕೊಂಡಿತ್ತು. ರಾಶಿ ಮಷಿನ್ ಓಡಿಸಿದ ಮೇಲೆ ಯಾರೂ ಗಾಳಿ ಹೊಡೆಸಿರಲಿಲ್ಲ. “ಗ್ಯಾಸ್ಕೆಟ್ ತಾನಾಗೇ ಹೋಗೂದಿಲ್ರಿ, ನಾವ ಕಳಸ್ತೇವಿ. ಮೊದಲ ಒಮ್ಮಿ ಹೆಡ್ಡು ಇಳಿಸಿದ್ರೇನು?”

ಎರಡು ವರ್ಷದ ಹಿಂದೆ ಬೇರೊಂದು ಕಡೆ ಇಳಿಸಿದ್ದರಂತೆ. ಬಿಲ್ಲು ಇದೆಯೇ ಎಂದು ಕೇಳಿದೆ. ಕಾಗದ ಒಗೆಯಬಾರದು ಎಂದು ನಾನು ಕಲಿಸಿದ್ದನ್ನು ತಮ್ಮನ ಮಗ ಪಾಲಿಸಿದ್ದ. ಪ್ಲಾಸ್ಟಿಕ್ ಚೀಲದಿಂದ ಬಿಲ್ಲು ಬಂತು. ಗ್ಯಾಸ್ಕೆಟ್, ಆಯಿಲ್, ಮಜೂರಿ. ಕೂಡಿಸಿ ನೋಡಿದೆ, ಮೊತ್ತ ಸರಿ ಇತ್ತು. ಆದರೆ ಮಿಸ್ತ್ರಿ ಇಣುಕಿ ನೋಡಿ, “ಫೇಸಿಂಗ್ ಎಲ್ಲೈತ್ರಿ?” ಎಂದರು. ಇರಲಿಲ್ಲ. ಜೀವಮಾನವಿಡೀ ಬರೆದ ಬಾಬತ್ತುಗಳನ್ನು ತಾಳೆ ನೋಡಿದವನು ನಾನು. ಬರೆಯದ ಬಾಬತ್ತನ್ನು ಓದಿದವರು ಅವರು.

“ಬಿತ್ತಿಗಿ ಅವಸರ ಇತ್ತು ದೊಡ್ಡಪ್ಪಾ. ಹುಬ್ಬಳ್ಳಿಗೆ ಒಯ್ದು ತರೂದು ಬ್ಯಾಡ ಅಂತ ನಾನ ಅಂದಿದ್ದೆ.” ಪಗಾರದ ಮಾತು ಅಲ್ಲಿಗೆ ನಿಂತಿತು.

ಹೆಡ್ ಇಳಿಸುವುದು ಅರ್ಧ ದಿನದ ಕೆಲಸ. ಇಂಜಿನ್ನು ಪೂರ್ತಿ ತಣ್ಣಗಾಗಿರಬೇಕು (ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಮಾತ್ರ ಯಾವತ್ತೂ ಕೈ ಹಾಕಬೇಡಿ, ನೀರು ಮುಖಕ್ಕೆ ಚಿಮ್ಮುತ್ತದೆ). ನೀರು, ಆಯಿಲ್ ಇಳಿಸಿ, ಪೈಪು, ನೋಝಲ್‌ಗಳನ್ನು ತೆಗೆದರು. ಬೋಲ್ಟುಗಳನ್ನು ತುದಿಯಿಂದ ನಡುವಿನ ಕಡೆಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಿದರು. ಮೊಮ್ಮಗನ ಕೈಗೆ ಒಂದು ರಟ್ಟು ಕೊಟ್ಟು ಹೆಡ್ಡಿನ ಚಿತ್ರ ಬರೆಸಿದರು. ತೆಗೆದ ಬೋಲ್ಟನ್ನೆಲ್ಲ ಅವನು ಅದದರ ಜಾಗದಲ್ಲಿ ತೂತು ಮಾಡಿ ಸಿಕ್ಕಿಸಿದ. ಎರಡು ಸಿಲಿಂಡರುಗಳ ನಡುವೆ ಗ್ಯಾಸ್ಕೆಟ್ ಸುಟ್ಟು ಕರಿಯ ಗೆರೆ ಬಿದ್ದಿತ್ತು. ಒರೆಸಿದ ಹೆಡ್ಡಿನ ಮೇಲೆ ಉಕ್ಕಿನ ನೇರಪಟ್ಟಿ ಇಟ್ಟು, ಕೆಳಗೆ ತೆಳ್ಳನೆಯ ಗೇಜಿನ ಎಲೆ ತೂರಿಸಿದರೆ 0.2 ಮಿಲಿಮೀಟರಿನದು ಸಲೀಸಾಗಿ ಹೋಯಿತು. ಎರಡು ಮೂರು ಕೂದಲಿನ ದಪ್ಪ ಅಷ್ಟೇ. ಅಷ್ಟು ಡೊಂಕಿದ್ದರೆ ಎಂಥ ಹೊಸ ಗ್ಯಾಸ್ಕೆಟ್ ಹಾಕಿದರೂ ಉಳಿಯುವುದಿಲ್ಲವಂತೆ.

ಹೆಡ್ಡು ಹುಬ್ಬಳ್ಳಿಗೆ ಹೋಯಿತು. ಸೀಳು ಬಿಟ್ಟಿದೆಯೇ ಎಂದು ಪರೀಕ್ಷೆ, ಆಮೇಲೆ ಫೇಸಿಂಗ್. ಎರಡು ದಿನ ಕಾಯಬೇಕಾಯಿತು, ಆ ಎರಡು ದಿನವೂ ಬಿಸಿಲು ಚುರುಗುಟ್ಟಿ ಹೊಲ ಆರುತ್ತಿತ್ತು. ನನಗೆ ಹಳೆಯದೊಂದು ಮುಖ ನೆನಪಾಗುತ್ತಿತ್ತು. ನಾನು ಬ್ಯಾಂಕಿಗೆ ಸೇರಿದ ಹೊಸತು. ಟ್ರ್ಯಾಕ್ಟರ್ ಸಾಲದ ಕಂತು ತಪ್ಪಿದ್ದ ರೈತರೊಬ್ಬರು ಕೌಂಟರಿಗೆ ಬಂದು, “ಹೆಡ್ಡು ಇಳಿಸೇವ್ರಿ, ಹದಿನೈದು ದಿನಾ ತಡೀರಿ” ಎಂದಿದ್ದರು. ಬಿ.ಕಾಂ. ಓದಿದ ನನಗೆ ಹೆಡ್ ಎಂದರೆ ಖಾತೆಯ ಹೆಡ್ ಮಾತ್ರ. ಅವರು ವಸ್ತ್ರ ಬಿಚ್ಚಿ, ಸುಟ್ಟ ತಗಡಿನ ಹಾಳೆಯೊಂದನ್ನು ಸಾಕ್ಷಿಗೆಂದು ತೋರಿಸಿದರು. “ಲೆಜರಿಗೆ ಎಣ್ಣಿ ಹತ್ತತೈತಿ, ತಗೀರಿ ಅದನ್ನ” ಎಂದೆ ನಾನು. ಮಧ್ಯಾಹ್ನ ನೋಟೀಸು ಟೈಪ್ ಮಾಡಿದೆ. ನಿಯಮದ ಪ್ರಕಾರ ಅದು ಸರಿಯೇ. ಆದರೆ ಆ ಹಾಳೆಯನ್ನು ನಾನು ಕಣ್ಣೆತ್ತಿ ನೋಡಬಹುದಿತ್ತು.

ಮೂರನೆಯ ದಿನ ಹೆಡ್ಡು ಕನ್ನಡಿಯಂತಾಗಿ ಬಂತು. ಬೋಲ್ಟಿನ ತೂತುಗಳನ್ನು ಒಣಗಿಸಿದರು. ಅಲ್ಲಿ ನೀರು, ಆಯಿಲ್ ನಿಂತಿದ್ದರೆ ಬಿಗಿಯುವಾಗ ಬ್ಲಾಕೇ ಬಿರಿಯಬಹುದು. ‘ಟಾಪ್’ ಎಂದಿರುವ ಮಗ್ಗುಲು ಮೇಲಾಗಿ ಹೊಸ ಗ್ಯಾಸ್ಕೆಟ್ ಕೂರಿಸಿದರು. ಬಿಗಿಯುವುದು ಮಾತ್ರ ನಡುವಿನಿಂದ ತುದಿಗೆ, ರೊಟ್ಟಿಯನ್ನು ನಡುವಿನಿಂದ ಅಂಚಿಗೆ ಬಡಿಯುತ್ತ ಹೋದಂತೆ. ಅದೂ ಒಂದೇ ಸಲಕ್ಕಲ್ಲ, ಮೂರು ಸುತ್ತು. ಕೈಯ ಅಂದಾಜಿಗೆ ಬಿಡದೆ ಕಂಪನಿಯ ಪುಸ್ತಕದ ಅಂಕಿ ನೋಡಿ ಟಾರ್ಕ್ ಪಾನಾ ಹಾಕಿದರು. ಅಂಕಿಯನ್ನು ಓದಿ ಹೇಳುವ ಕೆಲಸ ನನಗೆ ಸಿಕ್ಕಿತು, ಬೋಲ್ಟ್ ಬಿಗಿದದ್ದು ಡ್ರೈವರ್ ಹುಡುಗ. ಟ್ಯಾಪೆಟ್ ಹೊಂದಿಸಿ, ಡೀಸೆಲ್ ಪೈಪಿನ ಗಾಳಿ ತೆಗೆದು ಸೆಲ್ಫ್ ಹೊಡೆದಾಗ ಸೈಲೆನ್ಸರ್ ಒಂದಿಷ್ಟು ಬಿಳಿ ಹೊಗೆ ಉಗುಳಿತು. ತಮ್ಮನ ಮಗನ ಮುಖವೂ ಬಿಳಿಚಿತು. ಐದು ನಿಮಿಷದಲ್ಲಿ ಹೊಗೆ ನಿಂತಿತು. ರೇಡಿಯೇಟರಿನಲ್ಲಿ ಗುಳ್ಳೆ ಏಳಲಿಲ್ಲ.

ಎಲ್ಲರ ಹೊಲವನ್ನೂ ಬಿತ್ತಲಾಗಲಿಲ್ಲ. ಇಬ್ಬರು ಬೇರೆ ಟ್ರ್ಯಾಕ್ಟರು ಹಿಡಿದಿದ್ದರು. ಉಳಿದವರದು ಹಸಿ ಇರುವಷ್ಟರಲ್ಲೇ ಮುಗಿಯಿತು. ಹುಡುಗ ಈಗ ಸೀಟಿನ ಹಿಂದೆ ಒಂದು ಕ್ಯಾನು ಕಟ್ಟಿಕೊಂಡಿದ್ದಾನೆ, ಅದರಲ್ಲಿ ಕೂಲಂಟ್ ಬೆರೆಸಿದ ಒಳ್ಳೆಯ ನೀರು. ಹೊಸ ಬಿಲ್ಲು ಪ್ಲಾಸ್ಟಿಕ್ ಚೀಲಕ್ಕೆ ಸೇರುವ ಮೊದಲು ನನ್ನ ಕೈಗೆ ಬಂತು. ನಾಲ್ಕನೆಯ ಸಾಲಿನಲ್ಲಿ ‘ಫೇಸಿಂಗ್’ ಎಂದಿತ್ತು. ಹಳೆಯ ಚಟ, ಪೆನ್ಸಿಲಿನಿಂದ ಟಿಕ್ ಹಾಕಿದೆ.